ಚರ್ಮದ ಪರ್ಸ್ ಹೊಲಿಯುವ ಕಿಟ್: ಬಳ್ಳಾರಿಯ ಜೀನ್ಸ್ ಟೈಲರ್ ಒಬ್ಬಳ ಅಭಿಪ್ರಾಯ

ಮನೆಯಲ್ಲೇ ಚರ್ಮದ ಪರ್ಸ್, ಸಣ್ಣ ಬ್ಯಾಗ್ ಮಾಡೋಕೆ ಅಂತ ಆನ್‌ಲೈನ್‌ನಲ್ಲಿ ಒಂದು ಕಿಟ್ ಸಿಗುತ್ತದೆ. ಒಂದು ಡಬ್ಬಿ, ಒಳಗೆ ಮೂವತ್ತಕ್ಕೂ ಜಾಸ್ತಿ ಸಾಮಾನು. ನಾನು ಕೊಟ್ಟಿದ್ದು ಸಾವಿರದ ಮುನ್ನೂರರ ಆಸುಪಾಸು. ಇದೇ ಸಾಮಾನು ಹತ್ತಾರು ಹೆಸರಲ್ಲಿ ಬರುತ್ತದೆ. ಡಬ್ಬಿಯ ಬಣ್ಣ ಮಾತ್ರ ಬೇರೆ. ಹಾಗಾಗಿ ಮಾರುವವರ ಹೆಸರು ಬರೆಯುವುದಿಲ್ಲ. ಒಳಗಿರುವ ಸಾಮಾನಿನ ಬಗ್ಗೆ ಬರೆಯುತ್ತೇನೆ.

ಐದು ಸ್ಟಾರ್‌ಗೆ ಎರಡೂವರೆ ಕೊಡುತ್ತೇನೆ. ಚರ್ಮಕ್ಕೆ ಸಾಲಾಗಿ ತೂತು ಹಾಕುವ ಹಲ್ಲಿನ ಉಳಿ, ಸೂಜಿ, ಮೇಣದ ದಾರ, ಈ ಮೂರು ಚೆನ್ನಾಗಿವೆ. ಮಿಕ್ಕಿದ್ದರಲ್ಲಿ ಹೆಚ್ಚಿನದು ನಮ್ಮೂರಿನ ಅಂಗಡಿಗಳಲ್ಲೇ ಇದಕ್ಕಿಂತ ಒಳ್ಳೆಯದು ಸಿಗುತ್ತದೆ, ಅದೂ ಕಡಿಮೆ ದುಡ್ಡಿಗೆ. ಉಳಿದ ದುಡ್ಡನ್ನು ಒಳ್ಳೆ ಚರ್ಮಕ್ಕೆ ಹಾಕಿ. ಪರ್ಸ್ ಹತ್ತು ವರ್ಷ ಬಾಳುವುದು ಚರ್ಮದ ಮೇಲೆ, ಹೊಲಿಗೆಯ ಮೇಲೆ. ಡಬ್ಬಿಯಲ್ಲಿ ಎಷ್ಟು ಸಾಮಾನು ಇತ್ತು ಅನ್ನುವುದರ ಮೇಲೆ ಅಲ್ಲ.

ನಾನು ಕೌಲ್ ಬಜಾರ್ ಕಡೆಯವಳು. ಬಳ್ಳಾರಿ ಅಂದರೆ ಜೀನ್ಸ್, ಅಲ್ವಾ? ನಮ್ಮ ಮನೆಯಲ್ಲೂ ಅದೇ ಕೆಲಸ. ಪೀಸ್ ಲೆಕ್ಕದಲ್ಲಿ ಜೇಬು, ಬೆಲ್ಟ್ ಪಟ್ಟಿ ಹೊಲಿದು ಕೊಡುತ್ತೇನೆ. ದಪ್ಪ ಬಟ್ಟೆ, ದಪ್ಪ ದಾರ, ರಿವೆಟ್, ಗುಂಡಿ ಇವುಗಳ ಜೊತೆಗೇ ದಿನ ಕಳೆಯುತ್ತದೆ. ಹೊಲಿಗೆ ಗೊತ್ತಿರುವವರು ಚರ್ಮಕ್ಕೆ ಕೈ ಹಾಕಿದರೆ ಅರ್ಧ ಕೆಲಸ ಸುಲಭ. ಇನ್ನರ್ಧ ಮಾತ್ರ ಹೊಸದಾಗಿಯೇ ಕಲಿಯಬೇಕು. ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿ ಸ್ವಲ್ಪ ನೀರು ಹಾಕಿ ಇಸ್ತ್ರಿ ಮಾಡಿದರೆ ಸೂಜಿಯ ತೂತು ಮುಚ್ಚಿಹೋಗುತ್ತದೆ. ಚರ್ಮದಲ್ಲಿ ಬಿದ್ದ ತೂತು ಅಲ್ಲೇ ಇರುತ್ತದೆ. ಅದಕ್ಕೇ ಈ ಕೆಲಸದಲ್ಲಿ ಮೊದಲು ಗೆರೆ, ಆಮೇಲೆ ತೂತು, ಕೊನೆಗೆ ಹೊಲಿಗೆ.

ಮೊದಲು ಹಲ್ಲಿನ ಉಳಿಗಳು. ಆನ್‌ಲೈನ್‌ನಲ್ಲಿ ಚಿಸೆಲ್ ಅಂತ ಹುಡುಕಿದರೆ ಸಿಗುತ್ತವೆ. ಕಿಟ್‌ನಲ್ಲಿ ಒಂದು ಹಲ್ಲಿನದು, ಎರಡರದು, ನಾಲ್ಕರದು, ಆರರದು ಇವೆ. ಹಲ್ಲಿಂದ ಹಲ್ಲಿಗೆ 4 ಮಿ.ಮೀ. ಅಂತರ. ಉದ್ದದ ಗೆರೆಗೆ ಆರು ಹಲ್ಲಿನದು, ಮೂಲೆ ತಿರುಗಿಸಲು ಎರಡು ಹಲ್ಲಿನದು. ಮುಂದೆ ಸರಿಯುವಾಗ ಮೊದಲ ಹಲ್ಲನ್ನು ಹಿಂದಿನ ಕೊನೆಯ ತೂತಿನಲ್ಲೇ ಇಡಬೇಕು. ಆಗ ಅಂತರ ಎಲ್ಲೂ ತಪ್ಪುವುದಿಲ್ಲ. ಹೊಸದರಲ್ಲಿ ಹಲ್ಲಿನ ಬದಿ ಸ್ವಲ್ಪ ಒರಟು. ಚರ್ಮದಿಂದ ಎಳೆಯುವಾಗ ಹಿಡಿದುಕೊಳ್ಳುತ್ತವೆ. 600 ನಂಬರಿನ ನೀರು ಕಾಗದದಲ್ಲಿ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ), ಆಮೇಲೆ 1000ರದ್ದರಲ್ಲಿ ಉಜ್ಜಿ, ಜೇನುಮೇಣದ ತುಂಡಿಗೆ ಒಮ್ಮೆ ಚುಚ್ಚಿ ತೆಗೆದರೆ ನಯವಾಗಿ ಹೊರಬರುತ್ತವೆ. ಕಬ್ಬಿಣದ ಸುತ್ತಿಗೆಯಿಂದ ಹೊಡೆಯಬೇಡಿ, ಉಳಿಯ ತಲೆ ಚಪ್ಪಟೆಯಾಗುತ್ತದೆ. ಮರದ ಕೊಡತಿ ಸಾಕು. ಅಡಿಗೆ ಒಂದು ಕಡಪಾ ಕಲ್ಲು, ಅದರ ಮೇಲೆ ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಮಣೆ ಇಟ್ಟುಕೊಳ್ಳಿ. ಕಲ್ಲು ಹೊಡೆತವನ್ನು ತಡೆಯುತ್ತದೆ, ಮಣೆ ಹಲ್ಲನ್ನು ಕಾಪಾಡುತ್ತದೆ. ಸದ್ದು ಮಾತ್ರ ಜೋರು. ಮಧ್ಯಾಹ್ನ ಅಕ್ಕಪಕ್ಕದವರು ಮಲಗುವ ಹೊತ್ತಿನಲ್ಲಿ ಬೇಡ.

ಸೂಜಿಗಳ ಮೊನೆ ಮೊಂಡು. ಅದು ದೋಷ ಅಲ್ಲ. ತೂತು ಮೊದಲೇ ಬಿದ್ದಿರುತ್ತದೆ. ಚೂಪು ಸೂಜಿಯಾದರೆ ತೂತಿನಲ್ಲಿರುವ ಇನ್ನೊಂದು ದಾರವನ್ನೇ ಚುಚ್ಚಿಬಿಡುತ್ತದೆ. ದಾರ 0.8 ಮಿ.ಮೀ. ಪಾಲಿಯೆಸ್ಟರ್, ಮೇಣ ಹಚ್ಚಿದ್ದು. 4 ಮಿ.ಮೀ. ಅಂತರಕ್ಕೆ ಸರಿಯಾದ ದಪ್ಪ. ಬಣ್ಣಗಳೂ ಚೆನ್ನಾಗಿವೆ. ತುದಿಯನ್ನು ಬೆಂಕಿ ತಾಗಿಸಿ ಒತ್ತಿದರೆ ಗಂಟು ಬೇಕಾಗುವುದಿಲ್ಲ.

ಹೊಲಿಗೆಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನನಗೆ ಈ ಕೆಲಸದಲ್ಲಿ ತುಂಬಾ ಹಿಡಿಸಿದ್ದು ಅದೇ. ಮಷಿನ್ ಹೊಲಿಗೆಯಲ್ಲಿ ಮೇಲಿನ ದಾರ ಒಂದು, ಬಾಬಿನ್ ದಾರ ಒಂದು. ಎರಡೂ ಮಧ್ಯದಲ್ಲಿ ಕೊಂಡಿ ಹಾಕಿಕೊಂಡು ನಿಲ್ಲುತ್ತವೆ. ಒಂದು ಕಡೆ ದಾರ ಸವೆದು ಕಿತ್ತರೆ ಆ ಸಾಲು ಸಡಿಲಾಗಿ ಬಿಚ್ಚಿಕೊಳ್ಳುತ್ತಾ ಹೋಗಬಹುದು. ಜೀನ್ಸ್ ಹೊಲಿಯುವವರಿಗೆಲ್ಲ ಇದು ಗೊತ್ತು. ಚರ್ಮದ ಕೈಹೊಲಿಗೆ ಹಾಗಲ್ಲ. ಒಂದೇ ದಾರ, ಅದರ ಎರಡು ತುದಿಗೂ ಒಂದೊಂದು ಸೂಜಿ. ಪ್ರತಿ ತೂತಿನಲ್ಲೂ ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು ದಾಟುತ್ತದೆ. ಒಂದು ಕಡೆ ಕಿತ್ತರೂ ಇನ್ನೊಂದು ಕಡೆಯ ದಾರ ಸಾಲನ್ನು ಹಿಡಿದುಕೊಂಡಿರುತ್ತದೆ. ನಿಧಾನ ನಿಜ. ಆದರೆ ಗಟ್ಟಿ. ದಾರವನ್ನು ಹೊಲಿಗೆಯ ಉದ್ದದ ನಾಲ್ಕರಷ್ಟು ಕತ್ತರಿಸಿಕೊಳ್ಳಿ, ಸೂಜಿ ಹಿಡಿಯಲು ಇನ್ನೊಂದು ಗೇಣು ಸೇರಿಸಿ. ಪ್ರತಿ ತೂತಿನಲ್ಲೂ ಒಂದೇ ಸೂಜಿ ಮೊದಲು ಹೋಗಬೇಕು. ಅದನ್ನು ಅದಲು ಬದಲು ಮಾಡಿದರೆ ಹೊಲಿಗೆ ಒಂದು ಕಡೆ ಓರೆ, ಒಂದು ಕಡೆ ನೇರ ಕಾಣುತ್ತದೆ. ಕೊನೆಯಲ್ಲಿ ಎರಡು ಮೂರು ತೂತು ಹಿಂದಕ್ಕೆ ಬಂದು ಮುಗಿಸಿ.

ಎರಡು ಕೈಗೂ ಸೂಜಿ ಬೇಕಾದ್ದರಿಂದ ಚರ್ಮ ಹಿಡಿಯಲು ಮೂರನೇ ಕೈ ಬೇಕು. ಕಿಟ್‌ನಲ್ಲಿ ಅದು ಇಲ್ಲ. ಇದು ದೊಡ್ಡ ಕೊರತೆ. ಬೇಡದ ಇಪ್ಪತ್ತು ಸಾಮಾನು ತುಂಬುವ ಬದಲು ಒಂದು ಮರದ ಇಕ್ಕಳ ಕೊಟ್ಟಿದ್ದರೆ ನಾನು ನಾಲ್ಕು ಸ್ಟಾರ್ ಕೊಡುತ್ತಿದ್ದೆ. ನಮ್ಮ ಓಣಿಯ ಬಡಗಿ ಅಣ್ಣನಿಗೆ ಹೇಳಿ ಬೇವಿನ ಹಲಗೆಯ ಎರಡು ತುಂಡು, ಮಧ್ಯೆ ಒಂದು ಬೋಲ್ಟು, ಚಿಟ್ಟೆ ನಟ್ಟು ಹಾಕಿಸಿಕೊಂಡೆ. ಬಾಯಿಗೆ ಚರ್ಮದ ಚೂರು ಅಂಟಿಸಿದ್ದೇನೆ, ಹಿಡಿದ ಗುರುತು ಬೀಳಬಾರದಲ್ಲ. ತೊಡೆಗಳ ನಡುವೆ ಇಟ್ಟುಕೊಂಡು ಕೂತರೆ ಬೆನ್ನು ಬಾಗಿಸಬೇಕಿಲ್ಲ. ಮಷಿನ್ ಮುಂದೆ ವರ್ಷಗಟ್ಟಲೆ ಕೂತ ಬೆನ್ನಿಗೆ ಇದು ದೊಡ್ಡ ವಿಷಯ.

ಇನ್ನು ಬೇಡದ್ದು. ಕತ್ತರಿ ಪೂರ್ತಿ ದಂಡ. ಅಂಚಿನ ಮೂಲೆ ತೆಗೆಯುವ ಸಾಧನ ಮೊಂಡು. ಕೊರೆಯುವ ಬದಲು ಅಂಚನ್ನು ಹರಿಯುತ್ತದೆ. ಹರಿತ ಮಾಡಿಕೊಳ್ಳಲು ಗೊತ್ತಿದ್ದವರಿಗೆ ಸರಿ, ಇಲ್ಲದಿದ್ದರೆ ನೀರು ಕಾಗದದಲ್ಲೇ ಅಂಚು ದುಂಡಗೆ ಮಾಡಬಹುದು. ಗೆರೆ ಕೊರೆಯುವ ಸಾಧನದ ಸ್ಕ್ರೂ ಸಡಿಲ, ಅರ್ಧ ಗೆರೆಗೆ ಅಳತೆ ಜಾರುತ್ತದೆ. ಮಕ್ಕಳ ಜಾಮೆಟ್ರಿ ಬಾಕ್ಸ್‌ನಲ್ಲಿ ಎರಡೂ ಕಡೆ ಮೊನೆ ಇರುವ ಡಿವೈಡರ್ ಇರುತ್ತದಲ್ಲ, ಅದನ್ನು 4 ಮಿ.ಮೀ.ಗೆ ತೆರೆದು ಒಂದು ಮೊನೆಯನ್ನು ಅಂಚಿನ ಹೊರಗೆ ಓಡಿಸಿ. ನೇರ ಗೆರೆ ಬರುತ್ತದೆ. ನನ್ನ ಮಗಳ ಡಿವೈಡರ್ ಈಗ ನನ್ನ ಪೆಟ್ಟಿಗೆಯಲ್ಲೇ ಇದೆ. ಅವಳಿಗೆ ಬೇರೆ ತಂದುಕೊಟ್ಟೆ.

ಕಿಟ್‌ನ ಆರೆಯೂ (ಒಂದೊಂದೇ ತೂತು ಚುಚ್ಚುವ ದಬ್ಬಳ) ಬೇಡ. ಮೊನೆ ದುಂಡಗೆ, ದಪ್ಪ. ಚರ್ಮವನ್ನು ಸೀಳದೆ ಸುಮ್ನೆ ತಳ್ಳುತ್ತದೆ. ಹಳೇ ಬಸ್ ಸ್ಟ್ಯಾಂಡ್ ಕಡೆ ಕೂರುವ ಚಪ್ಪಲಿ ಹೊಲಿಯುವ ತಾತನ ಹತ್ತಿರ ಕೇಳಿದೆ. ಅವರು ತಮ್ಮದೇ ಹಳೆಯ ಆರೆಯೊಂದನ್ನು ಕಲ್ಲಿಗೆ ಮಸೆದು ಕೊಟ್ಟರು. ‘ಇದನ್ನ ತಿರುವಬ್ಯಾಡಮ್ಮಾ, ನೇರ ತಳ್ಳು, ನೇರ ಎಳಿ’ ಅಂದರು. ಚರ್ಮ ಕತ್ತರಿಸುವ ರಂಪಿಗೆಯನ್ನೂ ಅವರೇ ತೋರಿಸಿದರು. ಅಗಲ ಬಾಯಿ, ಗಿಡ್ಡ ಹಿಡಿ. ತೊಗಲಿನ ಮೇಲೆ ಮುಂದಕ್ಕೆ ತಳ್ಳಿ ಕತ್ತರಿಸುತ್ತಾರೆ, ನಾವು ಬ್ಲೇಡನ್ನು ನಮ್ಮ ಕಡೆಗೆ ಎಳೆಯುವ ಹಾಗಲ್ಲ. ಅಂಚು ಕನ್ನಡಿಯ ಹಾಗೆ ನಯವಾಗಿ ಬರುತ್ತದೆ. ಅವರಿಗೆ ಆರೆಯ ದುಡ್ಡು ಕೊಡಲು ಹೋದರೆ ಬೇಡ ಅಂದರು. ಕೊಟ್ಟೇ ಬಂದೆ. ಈ ಕೆಲಸದ ಜ್ಞಾನವೆಲ್ಲ ಇಂಥವರ ಕೈಯಲ್ಲಿ ತಲೆಮಾರುಗಳಿಂದ ಇದೆ. ಅದನ್ನು ಪುಕ್ಕಟೆ ಪಡೆಯುವುದು ಸರಿ ಅಲ್ಲ. ‘ನಿನಗ್ಯಾಕೆ ಚಪ್ಪಲಿ ಕೆಲಸ’ ಅಂತ ನಮ್ಮ ಬಂಧುಗಳಲ್ಲೇ ಒಬ್ಬರು ಕೇಳಿದರು. ಇದೇ ತೊಗಲು ದೊಡ್ಡ ಅಂಗಡಿಯ ಗಾಜಿನ ಹಿಂದೆ ಐದು ಸಾವಿರದ ಬ್ಯಾಗ್ ಆಗಿ ಕೂತರೆ ಅವರೇ ಆಸೆಯಿಂದ ನೋಡುತ್ತಾರೆ. ನನಗೆ ಅಂಥ ಮಾತು ಸಹಿಸುವುದಕ್ಕೆ ಆಗುವುದಿಲ್ಲ. ಅವರಿಗೆ ಹಾಗೇ ಹೇಳಿದೆ.

ನಮ್ಮ ಸೀಮೆಯಲ್ಲಿ ತೊಗಲಿನ ಕಸುಬಿಗೆ ಇರುವ ಮರ್ಯಾದೆ ಕಡಿಮೆಯದಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣ ತೊಗಲು ಗೊಂಬೆಯಾಟಕ್ಕೆ ಹೆಸರಾದವರು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಇದೇ ಕಲೆಗೆ 2025ರಲ್ಲಿ ಪದ್ಮಶ್ರೀ ಬಂತು. ಗೊಂಬೆಯ ತೊಗಲು ನಮ್ಮ ಪರ್ಸಿನ ಚರ್ಮದಂಥದಲ್ಲ. ಅದನ್ನು ಬೆಳಕು ದಾಟುವಷ್ಟು ತೆಳ್ಳಗೆ ಹೆರೆದಿರುತ್ತಾರೆ. ಆದರೆ ಉಳಿಯಿಂದ ಒಂದೊಂದೇ ತೂತು ಹಾಕಿ ಗೊಂಬೆಯ ಒಡವೆ, ಸೀರೆಯ ಅಂಚು ಬಿಡಿಸುವುದನ್ನು ನೋಡಿದರೆ, ನಾಲ್ಕು ಗೆರೆ ಹೊಡೆಯುವ ನಾವು ಕಲಿಯಬೇಕಾದದ್ದು ಎಷ್ಟಿದೆ ಅನಿಸುತ್ತದೆ.

ಈಗ ಚರ್ಮ. ಕಿಟ್‌ನ ಜೊತೆ ನಾಲ್ಕು ತುಂಡು ಬಂದಿದ್ದವು. ಡಬ್ಬಿಯ ಮೇಲೆ ‘ಅಪ್ಪಟ ಚರ್ಮ’ ಅಂತ ಬರೆದಿತ್ತು. ಚರ್ಮವೇ ಹೌದು, ಆದರೆ ಮೇಲ್ಪದರ ತೆಗೆದ ಕೆಳಗಿನ ಪದರ. ಮೇಲೆ ಪ್ಲಾಸ್ಟಿಕ್ ಲೇಪ. ಮಡಚಿದ ಕಡೆ ಲೇಪ ಬಿರುಕು ಬಿಡುತ್ತದೆ. ತೂತು ಹಾಕಿ ಕೈ ಪಳಗಿಸಲು ಬಳಸಿ, ಪರ್ಸಿಗೆ ಬೇಡ.

ಚರ್ಮದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಗಿಡದ ತೊಗಟೆ, ಕಾಯಿಗಳಿಂದ ಹದ ಮಾಡಿದ್ದು. ನಮ್ಮ ಬಯಲು ಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಇವೆಲ್ಲ ಹಿಂದಿನಿಂದ ಇದಕ್ಕೆ ಬಳಕೆಯಲ್ಲಿವೆ. ವಾರಗಟ್ಟಲೆ ಹಿಡಿಯುವ ಕೆಲಸ. ಇನ್ನೊಂದು ಕ್ರೋಮಿಯಂ ಉಪ್ಪಿನಿಂದ ಹದ ಮಾಡಿದ್ದು. 19ನೇ ಶತಮಾನದ ಕೊನೆಯಲ್ಲಿ ಹೊರದೇಶದಲ್ಲಿ ಬಳಕೆಗೆ ಬಂದ ವಿಧಾನ. ಬೇಗ ಆಗುತ್ತದೆ, ಮೆತ್ತಗಿರುತ್ತದೆ, ನೀರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಹೆಚ್ಚಿನ ಚರ್ಮ ಇದೇ.

ಮನೆಯಲ್ಲಿ ಕಲಿಯುವವರಿಗೆ ನಾನು ಹೇಳುವುದು ತೊಗಟೆಯ ಹದದ್ದೇ. ಅದು ಹೇಳಿದ ಮಾತು ಕೇಳುತ್ತದೆ. ಗೆರೆ ಹಾಕಿದರೆ ನಿಲ್ಲುತ್ತದೆ, ನೆನೆಸಿ ಮಡಚಿದರೆ ಆಕಾರ ಹಿಡಿಯುತ್ತದೆ, ಅಂಚು ಉಜ್ಜಿದರೆ ಹೊಳೆಯುತ್ತದೆ. ಕ್ರೋಮ್ ಚರ್ಮದ ಅಂಚು ಎಷ್ಟು ಉಜ್ಜಿದರೂ ನಾರುನಾರಾಗೇ ಇರುತ್ತದೆ. ಅದಕ್ಕೆ ಬಣ್ಣ ಬಳಿಯಬೇಕು, ಇಲ್ಲ ಅಂಚನ್ನು ಒಳಗೆ ಮಡಚಬೇಕು. ಕೊಳ್ಳುವಾಗ ಗುರುತಿಸುವುದು ಹೇಗೆ? ಬಣ್ಣ ಹಾಕದ ಚರ್ಮದ ಮೇಲೆ ಒಂದು ಹನಿ ನೀರು ಬಿಡಿ. ತೊಗಟೆಯ ಹದದ್ದಾದರೆ ಬೇಗ ಹೀರಿ ಕಪ್ಪಾಗುತ್ತದೆ. ಕತ್ತರಿಸಿದ ಅಂಚಿನ ನಡುವೆ ನೀಲಿ ಬೂದು ಛಾಯೆ ಕಂಡರೆ ಅದು ಕ್ರೋಮ್.

ಬಳ್ಳಾರಿಯಲ್ಲಿ ನನಗೆ ಬೇಕಾದ ಚರ್ಮ ಸಿಗಲಿಲ್ಲ. ಚೆನ್ನೈನ ಪೆರಿಯಮೇಡು ಚರ್ಮದ ವ್ಯಾಪಾರಕ್ಕೆ ಹಳೆಯ ಜಾಗ. ಅಲ್ಲಿಂದ ಕೊರಿಯರ್‌ನಲ್ಲಿ ತರಿಸಿದೆ. ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ, ಅಳತೆ ಹಿಂಬದಿಯಲ್ಲೇ ಬರೆದಿರುತ್ತದೆ. ಎಮ್ಮೆಯ ಚರ್ಮಕ್ಕೆ ನಾನು ಅಡಿಗೆ ನೂರೈವತ್ತರ ಹತ್ತಿರ ಕೊಟ್ಟೆ. ದಪ್ಪ ಹೇಳಿ ಕೇಳಿ: ಪರ್ಸಿಗೆ 1ರಿಂದ 1.2 ಮಿ.ಮೀ., ಬ್ಯಾಗಿಗೆ 1.6ರಿಂದ 2, ಬೆಲ್ಟಿಗೆ 3ಕ್ಕಿಂತ ಜಾಸ್ತಿ. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಎಳೆದರೆ ಹಿಗ್ಗುತ್ತದೆ. ಹೊರಮೈ, ಪಟ್ಟಿ ಬೆನ್ನಿನಿಂದ ಕತ್ತರಿಸಿ. ಒಳಜೇಬಿಗೆ ಹೊಟ್ಟೆ ಭಾಗ ನಡೆಯುತ್ತದೆ. ಒಂದು ಮಡಿಕೆ ಪರ್ಸಿಗೆ ಒಂದೂವರೆ ಚದರ ಅಡಿ ಸಾಕು. ಹೆಗಲಿಗೆ ಹಾಕುವ ಸಣ್ಣ ಬ್ಯಾಗಿಗೆ ನಾಲ್ಕು ಅಡಿ ಇಟ್ಟುಕೊಳ್ಳಿ.

ಕಿಟ್‌ನ ಜೊತೆ ಬರುವ ಅಳತೆ ಚೀಟಿಯನ್ನು ನಂಬಬೇಡಿ. ಅದು ಬೇರೆ ದೇಶದ ನೋಟಿಗೆ ಮಾಡಿದ್ದು. ನಮ್ಮ ಹೊಸ 500ರ ನೋಟು 150 ಮಿ.ಮೀ. ಉದ್ದ, 66 ಅಗಲ. 100ರದ್ದು 142 ಉದ್ದ, ಅಗಲ ಅಷ್ಟೇ. ಬ್ಯಾಂಕ್ ಕಾರ್ಡ್ ಎಲ್ಲ ಕಡೆಯೂ ಒಂದೇ, 85.6ಕ್ಕೆ 54. ಇಷ್ಟು ಗೊತ್ತಿದ್ದರೆ ರಟ್ಟಿನ ಮೇಲೆ ನೀವೇ ಅಳತೆ ಬರೆಯಬಹುದು. ನಾನು ಹೊರಮೈಗೆ 200ಕ್ಕೆ 90 ಇಡುತ್ತೇನೆ. ಒಳಗಿನ ತುಂಡು ಅದಕ್ಕಿಂತ 4-5 ಮಿ.ಮೀ. ಕಡಿಮೆ ಇರಬೇಕು. ಎರಡೂ ಸಮ ಇಟ್ಟರೆ ಮಡಚಿದಾಗ ಒಳಗೆ ಸುಕ್ಕು ನಿಲ್ಲುತ್ತದೆ. ಕಾರ್ಡ್ ಜೇಬು 96 ಅಗಲ: ಕಾರ್ಡಿಗೆ 86, ಎರಡು ಕಡೆ ಹೊಲಿಗೆಗೆ 4-4, ಕೈಯಾಡಲು 2.

ಗುಂಡಿ, ರಿವೆಟ್ ವಿಷಯದಲ್ಲಿ ಬಳ್ಳಾರಿಯವರು ಪುಣ್ಯವಂತರು. ಕಿಟ್‌ನ ಒತ್ತು ಗುಂಡಿಗಳು ತಗಡಿನಷ್ಟು ತೆಳು, ಬೆವರು ತಾಗಿದರೆ ತುಕ್ಕು. ಅವನ್ನು ಹಾಗೇ ಎತ್ತಿಟ್ಟಿದ್ದೇನೆ. ಜೀನ್ಸ್ ಸಾಮಾನಿನ ಅಂಗಡಿಗೆ ಹೋಗಿ ಹಿತ್ತಾಳೆಯ ರಿವೆಟ್, ಒತ್ತು ಗುಂಡಿ, ಒಳ್ಳೆ ಜಿಪ್ ಕೇಳಿ. ಹೋಗುವಾಗ ನಿಮ್ಮ ಚರ್ಮದ ಎರಡು ಚೂರು ಜೊತೆಗೆ ಒಯ್ಯಿರಿ. ಬಟ್ಟೆಗೆ ಮಾಡಿದ ರಿವೆಟ್‌ನ ಕಾಲು ಕೆಲವು ಸಲ ಚರ್ಮದ ದಪ್ಪಕ್ಕೆ ಗಿಡ್ಡ ಆಗುತ್ತದೆ. ಅಲ್ಲೇ ಹಾಕಿ ನೋಡುವುದು ಒಳ್ಳೆಯದು.

ಜೀನ್ಸ್ ಚೂರುಗಳನ್ನೂ ಎಸೆಯಬೇಡಿ. ಅಂಚು ಹೊಳಪಿಗೆ ಕಿಟ್‌ನಲ್ಲಿ ತೋಡು ಕೊರೆದ ಮರದ ಕೋಲು ಇದೆ, ಕೆಟ್ಟದ್ದಲ್ಲ. ಆದರೆ ಒಗೆಯದ ದಪ್ಪ ಡೆನಿಮ್ ಚೂರು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಚನ್ನು ನೀರು ಕಾಗದದಲ್ಲಿ ಸಮ ಮಾಡಿ, ಬೆರಳಿನಿಂದ ನೀರು ಸವರಿ, ಡೆನಿಮ್‌ನಿಂದ ಬಿಸಿ ಬರುವ ತನಕ ಉಜ್ಜಿ. ಆಮೇಲೆ ಜೇನುಮೇಣ ತಿಕ್ಕಿ ಇನ್ನೊಮ್ಮೆ ಉಜ್ಜಿ. ಎರಡು ಪದರ ಎಲ್ಲಿ ಸೇರಿದೆ ಅಂತ ಗೊತ್ತಾಗದ ಹಾಗೆ ಒಂದಾಗುತ್ತವೆ.

ಅಂಟಿಗೆ ಚಪ್ಪಲಿ, ಸೋಫಾ ಕೆಲಸದವರು ಬಳಸುವ ರಬ್ಬರ್ ಗಮ್ ತನ್ನಿ. ಫೆವಿಕಾಲ್ ಎಸ್‌ಆರ್ ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಎರಡೂ ಬದಿಗೆ ತೆಳ್ಳಗೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಡಬ್ಬದ ಮೇಲೆ ಬರೆದ ಹೊತ್ತಿಗಿಂತ ಬೇಗ ಒಣಗುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಮಾಡಿ. ವಾಸನೆ ತಲೆಗೇರುತ್ತದೆ, ಮುಚ್ಚಿದ ಕೋಣೆ ಬೇಡ. ಮಾಳಿಗೆ ಒಳ್ಳೆಯದು.

ನಮ್ಮೂರಿಗೆ ಬೇಕಾದ ಇನ್ನೊಂದು ಎಚ್ಚರಿಕೆ. ಬಣ್ಣ ಹಾಕದ ಚರ್ಮಕ್ಕೆ ಕೆಂಪು ಧೂಳು ಹತ್ತಿದರೆ ಹೋಗುವುದು ಕಷ್ಟ. ಕೆಲಸ ನಿಲ್ಲಿಸಿದಾಗ ಹಳೆಯ ಪಂಚೆಯಲ್ಲಿ ಸುತ್ತಿಡಿ. ಒದ್ದೆ ಇರುವಾಗ ಕಬ್ಬಿಣ ತಾಗಿಸಲೇಬೇಡಿ. ತೊಗಟೆಯ ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು ಕಲೆ ಏಳುತ್ತದೆ. ಆ ಗುಣವನ್ನೇ ಬೇಕಂತಲೂ ಬಳಸಬಹುದು. ವಿನೆಗರ್‌ನಲ್ಲಿ ಕಬ್ಬಿಣದ ಮೊಳೆ ನೆನೆಹಾಕಿ ಕೆಲವು ದಿನ ಬಿಟ್ಟು ಸೋಸಿದರೆ ಚರ್ಮಕ್ಕೆ ಕಪ್ಪು ಬಣ್ಣ ಸಿದ್ಧ. ಮುಚ್ಚಳ ಬಿಗಿ ಮಾಡಬೇಡಿ, ಗಾಳಿ ಏಳುತ್ತದೆ. ಪಕ್ಕದ ಆಂಧ್ರದ ಕಲಂಕಾರಿಯವರು ಕಬ್ಬಿಣ, ಬೆಲ್ಲ ಕೊಳೆಸಿ ಕಪ್ಪು ಮಾಡುವುದೂ ಇದೇ ತತ್ವದ ಮೇಲೆ.

ನನ್ನ ಕೈಯಲ್ಲಿ ಆದದ್ದರಲ್ಲಿ ನನಗೆ ಇಷ್ಟವಾದದ್ದು ಅತ್ತೆಯ ಎಲೆ ಅಡಿಕೆ ಸಂಚಿ. ಬಟ್ಟೆಯ ಸಂಚಿ ವರ್ಷಕ್ಕೊಮ್ಮೆ ಹರಿಯುತ್ತಿತ್ತು. ‘ನನಗೂ ಒಂದು ತೊಗಲಿಂದು ಮಾಡಿಕೊಡವ್ವಾ’ ಅಂದರು. ಮೂರು ಜೇಬು, ಮೇಲೆ ಮಡಿಕೆ, ಕಟ್ಟಲು ಚರ್ಮದ ದಾರ. ಎಲೆಯ ತೇವ ತಾಗಬಾರದು ಅಂತ ಆ ಜೇಬಿನ ಒಳಗೆ ಹತ್ತಿ ಬಟ್ಟೆ ಹಾಕಿದೆ. ಸುಣ್ಣ ಮಾತ್ರ ಡಬ್ಬಿಯಲ್ಲೇ ಇರಬೇಕು, ಚರ್ಮಕ್ಕೆ ತಾಗಿದರೆ ಅದನ್ನು ತಿಂದುಹಾಕುತ್ತದೆ. ಅತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಣಿಯೆಲ್ಲ ತೋರಿಸಿ ಬಂದರು. ಈಗ ಅವರ ಗೆಳತಿಯರಿಂದ ಬೇಡಿಕೆ ಬಂದಿದೆ.

ಇಷ್ಟೆಲ್ಲ ಆದಮೇಲೆ ಕಿಟ್ ಕೊಳ್ಳಬೇಕಾ? ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಊರಲ್ಲಿ ಇರುವವರು ಉಳಿ, ಸೂಜಿ, ದಾರ ಇವನ್ನು ಬಿಡಿಯಾಗಿ ತರಿಸಿ. ಐನೂರರಿಂದ ಆರುನೂರರಲ್ಲಿ ಮುಗಿಯುತ್ತದೆ. ಯಾವ ಅಂಗಡಿಯೂ ಹತ್ತಿರ ಇಲ್ಲದ ಹಳ್ಳಿಯಲ್ಲಿದ್ದರೆ ಕಿಟ್ ತೆಗೆದುಕೊಂಡರೂ ನಷ್ಟ ಇಲ್ಲ, ಚರ್ಮ ಮಾತ್ರ ಬೇರೆ ತರಿಸಿ. ಮೊದಲ ಕೆಲಸ ಕಾರ್ಡ್ ಇಡುವ ಕವರ್ ಆಗಲಿ. ನಾಲ್ಕು ತುಂಡು, ಎರಡು ಗೇಣು ಹೊಲಿಗೆ, ಒಂದು ಭಾನುವಾರ ಮಧ್ಯಾಹ್ನ ಸಾಕು. ಕೈ ಕೂತ ಮೇಲೆ 3 ಮಿ.ಮೀ. ಅಂತರದ ಉಳಿ, 0.6ರ ದಾರ ತರಿಸಿಕೊಳ್ಳಿ. ಹೆಂಗಸರ ಸಣ್ಣ ಪರ್ಸಿಗೆ ಆ ಹೊಲಿಗೆ ತುಂಬಾ ಚೆನ್ನಾಗಿ ಕಾಣುತ್ತದೆ. ಸದ್ಯ ನಾನು ಕಾಯುತ್ತಿರುವ ಪಾರ್ಸಲ್ ಅದೇ.